9ನೇ ಕ್ಲಾಸಿಗೆ ಕುತ್ತಿಗೆ ಮೂಳೆ, ಬೆನ್ನುಹುರಿ ಪೆಟ್ಟಿನ ಪಾಠ ಹೇಗೆ ಮಾಡಲಿ?

ತೋಟದೂರಿನ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟಗಳ ನಡುವಿನ ಹೈಸ್ಕೂಲು. ಕಳೆದ ತಿಂಗಳು ನಮ್ಮ ಹುಡುಗನೊಬ್ಬನ ಅಪ್ಪ ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಬಿದ್ದರು. ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಆಟೋದಲ್ಲಿ ಕೂರಿಸಿಕೊಂಡು ಹೋದರು. ಆ ನಾಲ್ವರಲ್ಲಿ ಹುಡುಗನೂ ಒಬ್ಬ. ಈಗ ಅವರಿಗೆ ಕಾಲಲ್ಲಿ ಬಲವಿಲ್ಲ, ಕೈಬೆರಳೂ ಆಡುತ್ತಿಲ್ಲ. ಚಿತ್ರ ತೋರಿಸಿ ಭಾಗಗಳ ಹೆಸರು ಬರೆಸಿದರೆ ಸಾಲದು ಅನ್ನಿಸುತ್ತಿದೆ. ಇರುವುದು 40 ನಿಮಿಷದ ಒಂದೇ ಪೀರಿಯಡ್. ಎಲ್ಲಿಂದ ಶುರು ಮಾಡಲಿ?

ಪಿಯು ಬಯಾಲಜಿ:
ಸರ್, ಕೋಡುಬಳೆ ತಗೊಂಡು ಹೋಗಿ. 7 ಕೋಡುಬಳೆ, ನಡುವೆ ಮೂಳೆಗಳ ಮಧ್ಯದ ಮೆತ್ತೆಯ ಬದಲಿಗೆ ಹಳೇ ಸೈಕಲ್ ಟ್ಯೂಬಿನ ಉಂಗುರಗಳು, ಎಲ್ಲದರ ತೂತಿನೊಳಗೆ ಬೇಯಿಸಿದ ಒಂದೆಳೆ ಶ್ಯಾವಿಗೆ. ಮೂಳೆ ಗಟ್ಟಿ, ಹುರಿ ಮೆತ್ತಗೆ ಅನ್ನೋದು ಕೈಗೇ ಗೊತ್ತಾಗುತ್ತದೆ. ಒಂದು ಕೋಡುಬಳೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಲು ಹೇಳಿ, ಅಂಚು ತಗುಲಿ ಶ್ಯಾವಿಗೆ ಜಜ್ಜಿಹೋಗುತ್ತದೆ, ಆಮೇಲೆ ಕೋಡುಬಳೆಯನ್ನು ವಾಪಸ್ ಜಾಗಕ್ಕೆ ತಂದರೂ ಶ್ಯಾವಿಗೆ ಮೊದಲಿನಂತಾಗುವುದಿಲ್ಲ. ಜಿರಾಫೆಗೂ ಕುತ್ತಿಗೆಯಲ್ಲಿ 7 ಮೂಳೆನೇ, ಮಕ್ಕಳು ಇದನ್ನು ಮರೆಯುವುದಿಲ್ಲ.

ತುರ್ತು ವಿಭಾಗದ ನರ್ಸ್:
ಹೆಸರುಗಳಿಗೆ 10 ನಿಮಿಷ ಸಾಕು. ಉಳಿದದ್ದನ್ನು ನೆಲದ ಮೇಲೆ ಮಾಡಿಸಿ. ಒಬ್ಬ ಬಿದ್ದವನಾಗಿ ಮಲಗಲಿ. ಇನ್ನೊಬ್ಬ ಅವನ ತಲೆಯ ಹತ್ತಿರ ಮಂಡಿಯೂರಿ, ತಲೆ ಇದ್ದ ಹಾಗೇ ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಮತ್ತೊಬ್ಬ 108ಕ್ಕೆ ಫೋನ್ ಮಾಡಿ ಜಾಗದ ಗುರುತು ಹೇಳಲಿ. ಎಬ್ಬಿಸಿ ಕೂರಿಸಬಾರದು, ನೀರು ಕುಡಿಸಬಾರದು. ಇನ್ನೊಂದು ವಿಷಯ ಎಲ್ಲರೂ ಮರೀತಾರೆ: ಪಕ್ಕದಲ್ಲಿ ನಿಂತು "ನೋವಾಗ್ತಿದ್ಯಾ ಅಣ್ಣಾ?" ಅಂತ ಕೇಳಿದರೆ ಅವರು ನಮ್ಮ ಕಡೆ ಕತ್ತು ತಿರುಗಿಸುತ್ತಾರೆ, ಇಲ್ಲಾ ತಲೆ ಆಡಿಸುತ್ತಾರೆ. ಅದಕ್ಕೇ ಅವರ ಕಣ್ಣಿಗೆ ನೇರವಾಗಿ ಕಾಣುವಂತೆ ಬಗ್ಗಿ, "ತಲೆ ಆಡಿಸಬೇಡಿ, ಬಾಯಲ್ಲೇ ಹೇಳಿ" ಅನ್ನಬೇಕು.
ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಸ್ನಾಯುವನ್ನು, ಆಡಿಸುವ ನರ ಹುಟ್ಟುವುದು ಕುತ್ತಿಗೆಯ 3, 4, 5ನೇ ಮಟ್ಟದಲ್ಲಿ. ಅದಕ್ಕಿಂತ ಮೇಲೆ ಹುರಿಗೆ ಪೂರ್ತಿ ಪೆಟ್ಟಾದರೆ ಉಸಿರೇ ನಿಲ್ಲಬಹುದು. ಹಾಗೆ ನಿಂತರೆ ಎದೆ ಒತ್ತುವುದೇ ಮೊದಲು, ಕತ್ತಿನ ಯೋಚನೆ ಆಮೇಲೆ.

ಕೆರೆ ಏರಿ:
ನಾನು 19ನೇ ವಯಸ್ಸಿನಲ್ಲಿ ಬೇಸಿಗೆಯ ಕೆರೆಗೆ ತಲೆ ಕೆಳಗಾಗಿ ಹಾರಿದವನು. ನೀರು ಸೊಂಟದಷ್ಟೂ ಇರಲಿಲ್ಲ. ಬೆರಳು ಮಡಿಸಲು ಬರುವುದಿಲ್ಲ, ಇದನ್ನು ಗೆಣ್ಣಿನಲ್ಲಿ ಒತ್ತಿ ಒತ್ತಿ ಟೈಪ್ ಮಾಡುತ್ತಿದ್ದೇನೆ. ನನ್ನನ್ನು ದಡಕ್ಕೆ ಎಳೆದು ಬೈಕಿನಲ್ಲಿ ಕೂರಿಸಿಕೊಂಡು ಹೋದ ಗೆಳೆಯ ಎಷ್ಟೋ ವರ್ಷ ನನ್ನ ಮುಖ ನೋಡಿ ಮಾತಾಡಲಿಲ್ಲ, ತನ್ನಿಂದಲೇ ಹೀಗಾಯಿತು ಅಂತ ಒಳಗೇ ಕೊರಗುತ್ತಿದ್ದ. ಮೇಷ್ಟ್ರೇ, ಪಾಠಕ್ಕಿಂತ ಮೊದಲು ಆ ಹುಡುಗನನ್ನು ಒಬ್ಬನೇ ಕರೆದು ಮಾತಾಡಿಸಿ. ಬಿದ್ದ ಏಟಿಗೇ ಹುರಿ ಜಜ್ಜಿಹೋಗಿರಬಹುದು, ಎತ್ತಿದ್ದರಿಂದಲೇ ಅಂತ ಯಾರೂ ಹೇಳಲಾಗದು. ಇದನ್ನು ಅವನು ನಿಮ್ಮ ಬಾಯಿಂದ ಕೇಳಬೇಕು.

ತೋಟದೂರಿನ ಮೇಷ್ಟ್ರು:
ಇದು ನನಗೆ ಹೊಳೆದೇ ಇರಲಿಲ್ಲ. ನಾಳೆ ಪ್ರಾರ್ಥನೆಗೆ ಮೊದಲೇ ಅವನ ಹತ್ತಿರ ಮಾತಾಡುತ್ತೇನೆ. ಪಾಠ ಸೋಮವಾರಕ್ಕೆ ಇರಲಿ.