ಕಾಕಟೇಲ್ ಗಿಳಿ ತಾನಾಗೇ ತಲಿ ಕೊಡತೈತಿ, ಮುಟ್ಟಿದ್ರ ಕಚ್ಚತೈತಿ: ಸಹಾಯ ಬೇಕ್ರಿ

ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದಾಗ ಕಾಕಟೇಲ್ ಸಾಕಿದವ್ರು ಇದ್ರ ದಯವಿಟ್ಟು ಹೇಳ್ರಿ. ನಮ್ಮದು ಗಂಡು. ಜುಟ್ಟು ನೆಟ್ಟಗಾದ್ರ ಗಾಬರಿ, ತಲಿಗೆ ಒತ್ತಿ ಬುಸ್ ಅಂದ್ರ ಸಿಟ್ಟು, ಅರ್ಧ ಇಳಿದ್ರ ಆರಾಮ. ಇಷ್ಟು ತಿಳೀತೈತಿ.

ತಿಳೀಲಾರದ್ದು ಇದು: ತಾನಾಗೇ ತಲಿ ಬಗ್ಗಿಸಿ, ಕುತ್ತಿಗಿ ಗರಿ ಉಬ್ಬಿಸಿ ತುರಸು ಅಂತೈತಿ. ಎರಡು ಸಲ ತುರಿಸೋದ್ರಾಗ ಗಕ್ಕನ ತಿರುಗಿ ಕಚ್ಚತೈತಿ. ಜುಟ್ಟು ಮಾತ್ರ ಅರ್ಧಕ್ಕ, ಆರಾಮ ಇದ್ದಂಗನ ಇರತೈತಿ!

ಈಗ ಗರಿ ಉದುರಾಕತ್ತಾವ. ತಲಿ ಮ್ಯಾಲೆ ಬಿಳಿ ಪೊರಿಯ ಹೊಸ ಗರಿ ಮುಳ್ಳಿನಂಗ ಎದ್ದಾವ. ಅವನ್ನ ಅಡ್ಡ ಒತ್ತಿದ್ರ ನೋವಾಗತೈತಿ, ಅದಕ್ಕ ಕೆನ್ನಿ ಮ್ಯಾಲಿನ ಕಿತ್ತಳೆ ಬೊಟ್ಟಿನ ಹತ್ರ ಅಷ್ಟೇ ಮುಟ್ಟಿ ನೋಡೇವಿ, ಆದ್ರೂ ಕಚ್ಚತೈತಿ. ಬೆನ್ನು, ಬಾಲದ ಬುಡ ಮುಟ್ಟಂಗಿಲ್ಲ, ಬೆದಿ ಕೆರಳತೈತಿ. ರಾತ್ರಿ 12 ತಾಸು ಕತ್ತಲಿ ಕೊಡ್ತೇವಿ. ತೂಕ 92 ಗ್ರಾಂ, ಇಳಿದಿಲ್ಲ. ಸುಮ್ನ ಕುಂತಾಗ ಉಸಿರಿನ ಜೋಡಿ ಬಾಲ ಆಡೂದಿಲ್ಲ, ಅಂದ್ರ ಉಸಿರಾಟದ ತೊಂದ್ರಿ ಕಾಣವಲ್ದು.

ಪಂಜರ ಬಡಿದು ಹೆದರಿಸೋ ಉಪಾಯ ಬ್ಯಾಡ್ರಿ, ಹಕ್ಕಿ ನಂಬಿಕಿ ಹೋಗತೈತಿ.

ಕಚ್ಚೋದಕ್ಕ ಮೊದ್ಲು ಕಣ್ಣು, ಕೊಕ್ಕು, ಕುತ್ತಿಗಿ, ಯಾವುದರಾಗ ಸುಳಿವು ನೋಡಬೇಕು? ಇದು ಹೊಸ ಗರಿ ನೋವೋ, ಸಾಕು ಅನ್ನೋ ಸೂಚನೆಯೋ, ಹೆಂಗ ಬ್ಯಾರೆ ಮಾಡೂದು?