ಸಹಾಯ ಬೇಕು: ಒಬ್ಬಳೇ ಕೋಯಾಸಾನ್‌ಗೆ ಹೊರಟಿದ್ದೇನೆ, ಜಪಾನಿ ಅಷ್ಟಕ್ಕಷ್ಟೇ

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಒಬ್ಬಳೇ ಜಪಾನ್‌ಗೆ ಹೋಗುತ್ತಿದ್ದೇನೆ. ಮೊದಲ ರಾತ್ರಿ ಕೋಯಾಸಾನ್ ಬೆಟ್ಟದ ಮೇಲೆ ದೇವಸ್ಥಾನವೊಂದರಲ್ಲೇ ಉಳಿಯುವ ಆಸೆ. ಅಲ್ಲಿ ಊಟ ಪೂರ್ತಿ ಸಸ್ಯಾಹಾರ, ಸಾರಿಗೂ ಮೀನು ಹಾಕುವುದಿಲ್ಲ. ನನ್ನಂಥವರಿಗೆ ಇನ್ನೇನು ಬೇಕು ಹೇಳಿ.

ವಿಮಾನ ಒಸಾಕಾ ಹತ್ತಿರದ ಕನ್ಸಾಯ್‌ನಲ್ಲಿ ಇಳಿಯುವುದು ಮಧ್ಯಾಹ್ನ 12ಕ್ಕೆ. ಸಂಜೆ 5ರೊಳಗೆ ಬಂದುಬಿಡಿ, 5.30ಕ್ಕೆ ಊಟ ಅಂತ ದೇವಸ್ಥಾನದವರು ಬರೆದಿದ್ದಾರೆ. ನಾನ್ಕಾಯ್ ರೈಲು ಹತ್ತಿ, ತೆಂಗಾಚಾಯಾದಲ್ಲಿ ಬದಲಿಸಿ, ಗೊಕುರಾಕುಬಾಶಿಯಲ್ಲಿ ಕೇಬಲ್ ಕಾರ್ ಹಿಡಿದು, ಮೇಲೆ ಮತ್ತೆ ಬಸ್. ದಾರಿಯ ಬಗ್ಗೆ ಭಯ ಇಲ್ಲ. ಸ್ಟೇಷನ್‌ಗಳಿಗೆ ನಂಬರ್ ಇದೆ, ಹಿರಗಾನ, ಕತಕಾನ ಎಂಬ ಜಪಾನಿ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತೇನೆ.

ಚಿಂತೆ ಇರುವುದು ಫೋನಿನದು. ತಡವಾದರೆ ಫೋನ್ ಮಾಡಲೇಬೇಕಂತೆ. 'ಸುಮಿಮಾಸೆನ್, ಒಕುರೆಮಾಸು' (ಕ್ಷಮಿಸಿ, ಬರುವುದು ತಡವಾಗುತ್ತದೆ) ಅಂತ ಬಾಯಿಪಾಠ ಮಾಡಿದ್ದೇನೆ. ಆದರೆ ಆ ಕಡೆಯವರು ತಿರುಗಿ ಏನಾದರೂ ಕೇಳಿದರೆ ಒಂದಕ್ಷರವೂ ಗೊತ್ತಾಗುವುದಿಲ್ಲ. ಅನುವಾದದ ಆ್ಯಪ್ ಎದುರಾಬದುರು ಕೂತಾಗ ಸರಿ, ಫೋನ್ ಮಾತಿನ ಮಧ್ಯೆ ಕೆಲಸಕ್ಕೆ ಬರಲಿಲ್ಲ. ಈಮೇಲ್‌ಗೂ ಉತ್ತರ ಇಲ್ಲ.

ಹೋಗಿ ಬಂದವರು ದಯವಿಟ್ಟು ಹೇಳಿ. ಸ್ಟೇಷನ್ ಸಿಬ್ಬಂದಿಗೆ ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ ಅವರಿಂದಲೇ ಫೋನ್ ಮಾಡಿಸಬಹುದಾ? ಅಥವಾ ಸುಮ್ನೆ ಆ ರಾತ್ರಿ ಒಸಾಕಾದಲ್ಲಿ ಉಳಿದು, ಮರುದಿನ ಬೆಳಿಗ್ಗೆ ಬೆಟ್ಟಕ್ಕೆ ಹೋಗುವುದೇ ಒಳ್ಳೆಯದಾ?