ಪದಚರ್ಚೆ: ಸುಟ್ಟ ಗಾಯಕ್ಕೆ ‘ತಂಪು ಮಾಡಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪಾವಗಡ ಕಡೆಯ ಶಾಲೆಗಳ ಬಿಸಿಯೂಟದ ಅಡುಗೆಮನೆಗಳಲ್ಲಿ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಸಿದ್ಧಮಾಡುತ್ತಿದ್ದೇನೆ: ಟೂತ್‌ಪೇಸ್ಟನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು. ಕರಡಿನ ‘ಕೈ ಸುಟ್ಟರೆ ತಕ್ಷಣ ತಂಪು ಮಾಡಿ’ ಎಂಬ ಸಾಲನ್ನು ಓದಿದ ಅಡುಗೆಯವರೊಬ್ಬರು, ‘ಅದಕ್ಕೇ ಅಲ್ವಾ ನಾವು ಪೇಸ್ಟ್ ಹಚ್ಚೋದು?’ ಅಂದರು.

ತೊಡಕು ಅಲ್ಲೇ ಇದೆ. ಎಳನೀರು ತಂಪು, ಮೆಂತ್ಯ ತಂಪು ಅನ್ನುವಾಗ ನಾವು ಹೇಳುವುದು ಅದರ ಗುಣವನ್ನು, ಮುಟ್ಟಿದರೆ ತಣ್ಣಗಿದೆ ಅಂತಲ್ಲ. ಆ ಲೆಕ್ಕದಲ್ಲಿ ಪೇಸ್ಟೂ ತಂಪೇ. ಆದರೆ ಅದು ಪೇಸ್ಟಿನಲ್ಲಿರುವ ಮೆಂಥಾಲ್ (ಪುದೀನ ಜಾತಿಯ ಗಿಡದ ಸತ್ವ) ಮಾಡುವ ಕೆಲಸ. ಚಳಿಯನ್ನು ಗುರುತಿಸುವ ನರದ ಗ್ರಾಹಕವನ್ನೇ ಅದು ಕೆರಳಿಸುತ್ತದೆ (2021ರ ವೈದ್ಯಕೀಯ ನೊಬೆಲ್ ಪಡೆದವರು ಈ ಗ್ರಾಹಕವನ್ನು ಪತ್ತೆಮಾಡಿದ್ದೂ ಮೆಂಥಾಲ್ ಬಳಸಿಯೇ). ತಂಪೆನಿಸುತ್ತದೆ, ಒಳಗಿನ ಬಿಸಿ ಹಾಗೇ ಇರುತ್ತದೆ. ಮೇಲೆ ಬಳಿದ ಪದರ ಆ ಬಿಸಿಯನ್ನು ಹೊರಹೋಗಲು ಬಿಡುವುದಿಲ್ಲ. ನೊರೆಗೆಂದು, ಹಲ್ಲು ಉಜ್ಜಲೆಂದು ಬೆರೆಸಿದ ವಸ್ತುಗಳು ಬೆಂದ ಚರ್ಮವನ್ನು ಇನ್ನಷ್ಟು ಕೆಡಿಸುತ್ತವೆ. ಒಣಗಿ ಸುಣ್ಣದಂತೆ ಕಚ್ಚಿಕೊಂಡ ಪೇಸ್ಟನ್ನು ಆಸ್ಪತ್ರೆಯಲ್ಲಿ ತೊಳೆದು ತೆಗೆದ ಮೇಲೆಯೇ ಗಾಯ ಎಷ್ಟು ಆಳ ಅಂತ ನೋಡಲು ಸಾಧ್ಯ. ಆ ನೋವು ಬೇರೆ.

ಮಾಡಬೇಕಾದದ್ದು ಇಷ್ಟು: ಹರಿಯುವ ನಲ್ಲಿ ನೀರಿಗೆ 20 ನಿಮಿಷ ಕೈ ಒಡ್ಡುವುದು, ಊದಿಕೊಳ್ಳುವ ಮುಂಚೆ ಬಳೆ ಉಂಗುರ ತೆಗೆಯುವುದು. ಐಸ್ ಕೂಡ ಬೇಡ.

ಇದಕ್ಕೆ ಕ್ರಿಯಾಪದ ಯಾವುದು? ಹಾಲು ಆರಿಸುತ್ತೇವೆ, ನಿಜ. ಆದರೆ ಬಟ್ಟೆ ಆರುವುದು ಅಂದರೆ ಒಣಗುವುದು. ‘ಸುಟ್ಟ ಜಾಗ ಆರಿಸಿ’ ಅಂದರೆ ನೀರು ಸೋಕಿಸಬೇಡಿ ಅಂತ ಯಾರಾದರೂ ತಿಳಿದುಕೊಂಡರೆ ಪೂರಾ ಉಲ್ಟಾ ಆಗುತ್ತದೆ. ‘ತಣಿಸು’ ದಾಹಕ್ಕೆ, ಕೋಪಕ್ಕೆ ಒಗ್ಗಿಹೋಗಿದೆ. ‘ತಣ್ಣಗಾಗಿಸಿ’ ಎಂದು ಯಾರೂ ಬಾಯಲ್ಲಿ ಆಡುವುದಿಲ್ಲ. ‘ಉರಿ ಇಳಿಸಿ’ ಅನ್ನುವಂತೆಯೂ ಇಲ್ಲ, ಪೇಸ್ಟ್ ಹಚ್ಚಿದಾಗಲೂ ಉರಿ ಇಳಿದಂತೆಯೇ ಅನ್ನಿಸುವುದು. ಸದ್ಯಕ್ಕೆ ನನಗೆ ಹಿಡಿಸಿರುವುದು ‘ಕಾವು ಇಳಿಸಿ’. ‘ಪೇಸ್ಟ್ ತಂಪು ಅನ್ನಿಸುತ್ತೆ, ಕಾವು ಇಳಿಸೋದು ನೀರು’ ಅಂತ ಬರೆದರೆ ನಿಮ್ಮ ಕಡೆ ತಟ್ಟನೆ ತಿಳಿಯುತ್ತದೆಯೇ? ಕಾವು ಅಂದರೆ ಕೋಳಿ ಕಾವಿಗೆ ಕೂರುವುದೇ ಮೊದಲು ನೆನಪಾಗುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ಏನನ್ನುತ್ತಾರೆ ಎಂಬುದೂ ಬೇಕು.

ಇನ್ನೊಂದು ಸಣ್ಣ ಪ್ರಶ್ನೆ, ಅಂಗನವಾಡಿಗಾಗಿ. 3 ವರ್ಷದೊಳಗಿನ ಮಕ್ಕಳ ಬ್ರಶ್ಶಿಗೆ ಅಕ್ಕಿಕಾಳಿನಷ್ಟು ಪೇಸ್ಟ್, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಅನ್ನುವುದು ದಂತವೈದ್ಯರ ಅಳತೆ. ಪಾವಗಡದ ಕೊಳವೆಬಾವಿ ನೀರಲ್ಲೇ ಫ್ಲೋರೈಡ್ ಹೆಚ್ಚು. ಅದರ ಮೇಲೆ ಮಕ್ಕಳು ಫ್ಲೋರೈಡ್ ಇರುವ ಪೇಸ್ಟನ್ನೂ ನುಂಗಿದರೆ ಹಲ್ಲಿನ ಕಲೆ ಇನ್ನೂ ಹೆಚ್ಚಬಹುದು, ಹಾಗಾಗಿ ಅಳತೆ ತಪ್ಪಬಾರದು. ಒಣ ಬಟಾಣಿಗೂ ನೆನೆಸಿದ್ದಕ್ಕೂ ಗಾತ್ರ ಬೇರೆ. ಬಟಾಣಿಯ ಬದಲು ಕಡಲೆಕಾಳು ಅನ್ನಲೇ, ಅಥವಾ ಬೇರೆ ಯಾವುದಾದರೂ ಕಾಳಿನ ಹೆಸರು ಸೂಚಿಸುತ್ತೀರಾ?